ಬೋರ್‌ವೆಲ್ ನೀರು, ಗೀಸರ್ ಮತ್ತು ಮೂರು ಭಾನುವಾರ

ಮೊದಲ ಭಾನುವಾರ

ಹದಿನೈದು ಲೀಟರಿನ ನಮ್ಮ ಗೀಸರ್ ಒಂದು ತಿಂಗಳಿಂದ ಗುರುಗುಟ್ಟುತ್ತಿತ್ತು. ನೀರು ಸರಿಯಾಗಿ ಕಾಯುವ ಮೊದಲೇ ಕಟ್ ಆಗುತ್ತಿತ್ತು. ಕೋಲಾರದಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ, ನಮ್ಮ ಬೀದಿಗೆ ಬೋರ್‌ವೆಲ್ ನೀರೇ ಗತಿ. ಬಕೆಟ್ಟಿನ ಅಂಚು ನೋಡಿದರೆ ಸಾಕಲ್ವಾ, ಬಿಳಿ ಪಟ್ಟಿ ಕಟ್ಟಿರುತ್ತದೆ. ಗೀಸರ್ ಒಳಗೆ ಇನ್ನೆಷ್ಟಿರಬಹುದು ಎಂದು ಬಿಚ್ಚಲು ಕೂತೆ.

ಮೊದಲು ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್ ಇಳಿಸಿದೆ. ಟೆಸ್ಟರ್ ಇಟ್ಟು ಎರಡು ಸಲ ನೋಡಿದೆ. ನೀರು ತಣ್ಣಗಾದ ಮೇಲೆ ಟ್ಯಾಂಕ್ ಖಾಲಿ ಮಾಡಿದೆ. ವೈರುಗಳ ಫೋಟೊ ತೆಗೆದುಕೊಂಡು ಕೆಳಗಿನ ನಟ್ಟುಗಳನ್ನು ಸಡಿಲಿಸಿದೆ. ನೀರು ಕಾಯಿಸುವ ಕಾಯಿಲ್ ಜತೆಗೆ ಎರಡು ಬೊಗಸೆ ಬಿಳಿ ಚೂರು ಉದುರಿತು.

"ಏನೋ ಇದು, ಸುಣ್ಣದ ಕಲ್ಲಿದ್ದ ಹಾಗಿದೆ!" ಎಂದರು ಅಮ್ಮ. ಹೆಚ್ಚುಕಡಿಮೆ ಅದೇ. ಗಡಸು ನೀರು ಕಾದಾಗ ಅದರಲ್ಲಿ ಕರಗಿದ್ದ ಸುಣ್ಣದ ಅಂಶ ಕಾಯಿಲಿಗೆ ಅಂಟುತ್ತದೆ. ಪದರ ದಪ್ಪವಾದಷ್ಟೂ ಶಾಖ ನೀರಿಗೆ ಹೋಗದೆ ಕಾಯಿಲಲ್ಲೇ ಉಳಿಯುತ್ತದೆ. ಹಾಗೇ ಬಿಟ್ಟರೆ ಕಾಯಿಲ್ ಸುಟ್ಟುಹೋಗುತ್ತದೆ.

ಸ್ಕ್ರೂಡ್ರೈವರ್‌ನಿಂದ ಕೆರೆಯಲಿಲ್ಲ, ತಾಮ್ರದ ಕವಚ ತೂತಾದರೆ ಕರೆಂಟ್ ನೀರಿಗೆ ಇಳಿಯುತ್ತದೆ. ಬೆಚ್ಚಗಿನ ನೀರಿಗೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ, ವೈರು ಸೇರುವ ತುದಿ ಒದ್ದೆಯಾಗದಂತೆ ಕಾಯಿಲ್ ಮುಳುಗಿಸಿಟ್ಟೆ. ಬುಸ್ ಎಂದು ನೊರೆ ಬಂತು. ಸಂಜೆಗೆ ಹಳೆಯ ಟೂತ್‌ಬ್ರಷ್ ತಾಗಿಸಿದರೆ ಪದರ ಜಾರಿತು, ಕೆಳಗೆ ತಾಮ್ರದ ಬಣ್ಣ ಕಂಡಿತು. ಎಷ್ಟು ಖುಷಿಯಾಯಿತೆಂದರೆ ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಎರಡನೆಯ ಭಾನುವಾರ

ಒಳಗಿನ ಮೆಗ್ನೀಷಿಯಂ ರಾಡ್ ಸವೆದು ಬರೀ ತಂತಿ ಉಳಿದಿತ್ತು. ಟ್ಯಾಂಕಿಗೆ ತುಕ್ಕು ಹಿಡಿಯುವ ಮೊದಲು ತಾನೇ ಕರಗುವುದು ಅದರ ಕೆಲಸ. ಕಾಯಿಲ್ ಬಗ್ಗೆ ಎಲ್ಲರಿಗೂ ಗೊತ್ತು, ಇದನ್ನು ಯಾರೂ ಕೇಳುವುದಿಲ್ಲ. ಟ್ಯಾಂಕ್ ಬಾಳುವುದು ಇದರಿಂದಲೇ. ಹೊಸದು ತಂದು ಹಾಕಿದೆ. ನೀರು ಸೋರದಂತೆ ತಡೆಯುವ ಹಳೆಯ ರಬ್ಬರ್ ಗ್ಯಾಸ್ಕೆಟನ್ನೇ ಕೂರಿಸಿ ತಪ್ಪು ಮಾಡಿದೆ, ನೀರು ಬಿಟ್ಟ ತಕ್ಷಣ ಹನಿ ಶುರುವಾಯಿತು. ಮತ್ತೆ ಅಂಗಡಿಗೆ ಓಡಿದೆ, ಅಷ್ಟರಲ್ಲಿ ಬಾಗಿಲು ಹಾಕಿದ್ದರು. ಆ ವಾರವಿಡೀ ಒಲೆಯ ಮೇಲೆ ನೀರು ಕಾಯಿಸಿಕೊಂಡೆವು.

ಮೂರನೆಯ ಭಾನುವಾರ

ಹೊಸ ಗ್ಯಾಸ್ಕೆಟ್ ಹಾಕಿದೆ. ಅರ್ತ್ ವೈರನ್ನು ಎಳೆದು ನೋಡಿ ಬಿಗಿಮಾಡಿದೆ. ಬಿಸಿನೀರಿನ ನಲ್ಲಿ ತೆರೆದಿಟ್ಟು, ಗಾಳಿ ಪೂರ್ತಿ ಹೋಗಿ ನೀರು ಒಂದೇ ಸಮ ಬಂದ ಮೇಲೆಯೇ ಸ್ವಿಚ್ ಹಾಕಿದೆ. ಟ್ಯಾಂಕ್ ಖಾಲಿ ಇರುವಾಗ ಹಾಕಿದರೆ ಕಾಯಿಲ್ ಹೋದಂತೆಯೇ.

ಈಗ ಸದ್ದಿಲ್ಲ, ಹನಿಯೂ ಇಲ್ಲ. ಬಿಚ್ಚಿದ ತಾರೀಖನ್ನು ಗೀಸರ್ ಮೇಲೆ ಚೀಟಿ ಅಂಟಿಸಿ ಬರೆದಿದ್ದೇನೆ. ಮುಂದಿನ ವಾರ ಇನ್ವರ್ಟರ್ ಬ್ಯಾಟರಿ. ಅದಕ್ಕೆ ಡಿಸ್ಟಿಲ್ಡ್ ವಾಟರ್ ಎರಡು ಕ್ಯಾನ್ ಆಗಲೇ ತಂದಿಟ್ಟಿದ್ದೇನೆ.