"ಇನ್ನೆಷ್ಟು ಬಾಕಿ?" ಅಂತ ಕೇಳುವವರಿಗೆ

ಮನೆಗೆ ಬಂದವರು ಕಪಾಟಿನ ಮುಂದೆ ನಿಲ್ಲುತ್ತಾರೆ. ಸಾಲಾಗಿ ನಿಂತ ಹದಿನಾಲ್ಕು ಫೈಲುಗಳಲ್ಲಿ ಒಂದನ್ನು ಎಳೆದು ನಾಲ್ಕು ಹಾಳೆ ಮಗುಚುತ್ತಾರೆ. ಹಾಳೆಗೆ ಒಂಬತ್ತು ಬೇಸ್‌ಬಾಲ್ ಕಾರ್ಡು, ಒಂಬತ್ತರಲ್ಲೂ ಅದೇ ಮುಖ. ಐದನೇ ಹಾಳೆಯ ಹೊತ್ತಿಗೆ ಫೈಲು ಮುಚ್ಚಿ ಕೇಳುತ್ತಾರೆ: "ಇನ್ನೆಷ್ಟು ಬಾಕಿ?"

ಗೊತ್ತಿಲ್ಲ. ನನಗೊಬ್ಬನಿಗೇ ಅಲ್ಲ, ಯಾರಿಗೂ ಗೊತ್ತಿಲ್ಲ. ಇದನ್ನು ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಕಾಫಿ ಜೊತೆ ಇದನ್ನೂ ಕೊಡುತ್ತೇನೆ.

ಆ ಮುಖ ಇಚಿರೋ ಸುಜುಕಿಯದು. 2001ರಲ್ಲಿ ಜಪಾನಿನ ಓರಿಕ್ಸ್ ತಂಡ ಬಿಟ್ಟು ಸಿಯಾಟಲ್ ಮ್ಯಾರಿನರ್ಸ್ ಸೇರಿದ ಬೇಸ್‌ಬಾಲ್ ಆಟಗಾರ. ನಾನೂ ಅದೇ ವರ್ಷ ಶಿವಮೊಗ್ಗ ಬಿಟ್ಟು ಇಲ್ಲಿಗೆ, ಅಮೆರಿಕದ ಸಿಯಾಟಲ್ ಕಡೆಗೆ ಬಂದೆ. ಆ ವರ್ಷ ಮ್ಯಾರಿನರ್ಸ್ 116 ಪಂದ್ಯ ಗೆದ್ದಿತು, ಊರೆಲ್ಲ ಅದೇ ಮಾತು. ಆಟದ ನಿಯಮ ನನಗೆ ಅರ್ಧ ತಿಳಿಯುತ್ತಿರಲಿಲ್ಲ. ಆದರೆ ಚೆಂಡು ಹೊಡೆಯುವ ಮುಂಚೆಯೇ ಓಡಲು ಶುರು ಮಾಡಿದವನಂತೆ ಕಾಣುವ ಆ ಸಣಕಲು ಮನುಷ್ಯನನ್ನು ನೋಡಲು ನಿಯಮ ಬೇಕಿರಲಿಲ್ಲ. 2004ರಲ್ಲಿ ಒಂದೇ ಋತುವಿನಲ್ಲಿ 262 ಹಿಟ್ ಬಾರಿಸಿ, 1920ರಿಂದ ನಿಂತಿದ್ದ ಜಾರ್ಜ್ ಸಿಸ್ಲರ್‌ನ 257ರ ದಾಖಲೆ ಮುರಿದ. ಆ ಅಕ್ಟೋಬರ್ ತಿಂಗಳಲ್ಲಿ ಮೊದಲ ಕಾರ್ಡು ಕೊಂಡೆ, ಟಾಪ್ಸ್ ಕಂಪನಿಯ 2001ರ ಸೆಟ್ಟಿನ 726ನೇದು. ಒಂದೇ ಸಾಕು ಅಂದುಕೊಂಡಿದ್ದೆ.

ಈಗ ಲೆಕ್ಕಕ್ಕೆ ಬರೋಣ. ಬೇಸ್‌ಬಾಲ್ ಕಾರ್ಡು ಅಂದರೆ ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಎತ್ತರದ ರಟ್ಟು. ಮುಂದೆ ಆಟಗಾರನ ಫೋಟೋ, ಹಿಂದೆ ಅಂಕಿ ಅಂಶ, ಮೂಲೆಯಲ್ಲೊಂದು ಸಂಖ್ಯೆ. ಕಂಪನಿ ಸೆಟ್ಟು ತರುತ್ತದೆ, ಸೆಟ್ಟಿಗೊಂದು ಪಟ್ಟಿ ಇರುತ್ತದೆ, ಪಟ್ಟಿ ಹಿಡಿದು ಗುರುತು ಹಾಕುತ್ತಾ ಹೋದರೆ ಒಂದು ದಿನ ಮುಗಿಯುತ್ತದೆ. ಇದು ಕೇಳುವವರ ತಲೆಯಲ್ಲಿರುವ ಚಿತ್ರ. 1952ರ ಟಾಪ್ಸ್ ಸೆಟ್ಟು ಕೂಡಿಸುವವರಿಗೆ ಇದು ಸರಿ, ಅದರಲ್ಲಿ 407 ಕಾರ್ಡು, ತಕರಾರಿಲ್ಲ. ಸೆಟ್ಟು ಬಿಟ್ಟು ಒಬ್ಬ ಆಟಗಾರನ ಬೆನ್ನು ಹತ್ತಿದವರಿಗೆ ಇದು ತಪ್ಪು.

2001ರಲ್ಲಿ ಅಮೆರಿಕದಲ್ಲಿ ಟಾಪ್ಸ್, ಅಪ್ಪರ್ ಡೆಕ್, ಫ್ಲೀರ್, ಡಾನ್‌ರಸ್, ಪೆಸಿಫಿಕ್ ಐದೂ ಪೈಪೋಟಿಗೆ ಬಿದ್ದಿದ್ದವು. ಒಂದೊಂದರದೂ ಹತ್ತಾರು ಸೆಟ್ಟು. ಒಂದು ಸೆಟ್ಟಿನ ಒಂದೇ ಕಾರ್ಡಿಗೆ ಚಿನ್ನದ ಅಂಚಿನದೊಂದು, ಹೊಳೆಯುವ ಕ್ರೋಮಿನದೊಂದು, "ನೂರರಲ್ಲಿ ಹದಿನೇಳನೆಯದು" ಅಂತ ಅಚ್ಚು ಹಾಕಿದ್ದೊಂದು. ಅಚ್ಚಿಗೆ ಬಳಸಿದ ಲೋಹದ ತಗಡನ್ನೂ ಪ್ಯಾಕೆಟ್ಟಿನಲ್ಲಿ ಇಟ್ಟು ಮಾರುವ ಸೆಟ್ಟುಗಳಿವೆ. ನಾಲ್ಕು ಬಣ್ಣಕ್ಕೆ ನಾಲ್ಕು ತಗಡು, ಪ್ರತಿಯೊಂದೂ ಜಗತ್ತಿನಲ್ಲಿ ಒಂದೇ ಒಂದು. 2001ರ ಬೌಮನ್ ಕ್ರೋಮ್ ಅನ್ನುವ ಸೆಟ್ಟಿನಲ್ಲಿ ಇಚಿರೋದು 351ನೇ ಸಂಖ್ಯೆ, ಅದರಲ್ಲೂ ಎರಡು: ಒಂದರ ಮೇಲೆ ಇಂಗ್ಲಿಷ್ ಅಕ್ಷರ, ಇನ್ನೊಂದರ ಮೇಲೆ ಜಪಾನಿ. "351 ಇದೆ" ಅಂತ ಗುರುತು ಹಾಕಿ ನಿಶ್ಚಿಂತೆಯಿಂದ ಮಲಗಿದವನಿಗೆ ಅರ್ಧ ಮಾತ್ರ ಸಿಕ್ಕಿರುತ್ತದೆ.

ಕಂಪನಿಯನ್ನೇ ಕೇಳಬಾರದೇ ಅನ್ನುತ್ತಾರೆ. ಫ್ಲೀರ್ 2005ರಲ್ಲಿ ಬಾಗಿಲು ಹಾಕಿತು. ಯಾರನ್ನು ಕೇಳಲಿ?

ಒಂದು ದೀಪಾವಳಿಯ ಊಟ. ಸಿಯಾಟಲ್ ಹತ್ತಿರದ ಬಾಥೆಲ್‌ನಲ್ಲಿ ಗೆಳೆಯನ ಮನೆ, ಹೋಳಿಗೆ ಬಡಿಸುತ್ತಿದ್ದರು. ನಮ್ಮವನೇ ಒಬ್ಬ, ಡೇಟಾಬೇಸ್ ಕೆಲಸದವನು, ತಟ್ಟೆ ಹಿಡಿದು ಬಂದ. "ನಿನ್ನ ಎಕ್ಸೆಲ್ ಶೀಟ್ ಇದೆಯಲ್ಲ, ಪರ್ಸೆಂಟೇಜ್ ಹೇಳಿಬಿಡಪ್ಪ. ಎಂಬತ್ತಾ, ತೊಂಬತ್ತಾ? ಮುಗಿಸೋದು ಯಾವಾಗ?" ನಾನು ಹೇಳಿದೆ, "ಹೋದ ತಿಂಗಳಿಗಿಂತ ಕಮ್ಮಿ ಆಗಿದೆ." ಸುತ್ತ ನಿಂತವರೆಲ್ಲ ನಕ್ಕರು. ಯಾರೋ ನನ್ನ ಬೆನ್ನು ತಟ್ಟಿದರು.

ನಾನು ತಮಾಷೆ ಮಾಡಿರಲಿಲ್ಲ. ಹಿಂದಿನ ವಾರ ಹಸಿರು ಅಂಚಿನ ಒಂದು ಕಾರ್ಡು ಬಂದಿತ್ತು, ನೂರರಲ್ಲಿ ಹದಿನೇಳನೆಯದು. ನನ್ನ ಪಟ್ಟಿಯಲ್ಲಿ ಆ ಸೆಟ್ಟಿಗೆ ಹಸಿರು ಅಂಚು ಅನ್ನುವುದೇ ಇರಲಿಲ್ಲ. ಹಸಿರು ಇದೆ ಅಂದಮೇಲೆ ಹುಡುಕಬೇಕು. ಹುಡುಕಿದರೆ ಬೇರೆ ಆಟಗಾರರದು ನೀಲಿ ಸಿಕ್ಕಿತು, ಕಪ್ಪು ಸಿಕ್ಕಿತು, ಚಿನ್ನದ್ದೂ ಸಿಕ್ಕಿತು. ಅವರಿಗಿದ್ದರೆ ಇಚಿರೋಗೂ ಇರಬೇಕು. ಒಂದು ಕಾರ್ಡು ಮನೆಗೆ ಬಂತು, ಬಾಕಿ ಮೂರು ಹೆಚ್ಚಾಯಿತು. ಈ ಲೆಕ್ಕದಲ್ಲಿ ಕೆಳಗಿನ ಸಂಖ್ಯೆ ಮೇಲಿನದಕ್ಕಿಂತ ಜೋರಾಗಿ ಬೆಳೆಯುತ್ತದೆ. ಡೇಟಾಬೇಸ್ ಕಟ್ಟುವವನಿಗೆ ಇದು ಎಲ್ಲರಿಗಿಂತ ಮೊದಲು ಅರ್ಥವಾಗಬೇಕಿತ್ತು, ಅದಕ್ಕೇ ಅವತ್ತಿನ ಸಿಟ್ಟು ಇನ್ನೂ ಆರಿಲ್ಲ.

"ಮುಗಿಸೋದು" ಅನ್ನುವ ಮಾತೂ ನನಗೆ ಸೇರುವುದಿಲ್ಲ. ಇದೇನು ಸಾಲವೇ, ಬಾಕಿ ಕಟ್ಟಿ ಮುಗಿಸಲು?

ಯಾರಾದರೂ ಬೇರೆ ಪ್ರಶ್ನೆ ಕೇಳಲಿ ಅಂತ ಇಪ್ಪತ್ತು ವರ್ಷದಿಂದ ಕಾಯುತ್ತಿದ್ದೇನೆ. "ಈ ಕಾರ್ಡು ಇದೆ ಅಂತ ನಿನಗೆ ಹೇಗೆ ಗೊತ್ತು?" ಇದನ್ನು ಕೇಳಿ ನೋಡಿ, ಊಟ ಆರಿಹೋಗುವವರೆಗೂ ಹೇಳುತ್ತೇನೆ.

ನನ್ನ ಶೀಟಿನಲ್ಲಿ ಇದೆ, ಇಲ್ಲ ಅನ್ನುವ ಕಾಲಂ ಇರುವುದು ಕೊನೆಯಲ್ಲಿ. ಮೊದಲ ಕಾಲಂ ಸಾಕ್ಷಿಯದು, ಅಲ್ಲಿ ಮೂರೇ ಪದ: ಕಂಡದ್ದು, ಕೇಳಿದ್ದು, ಊಹೆ. ಕಂಡದ್ದು ಅಂದರೆ ಕಾರ್ಡು ನನ್ನ ಕೈಯಲ್ಲಿದೆ, ಇಲ್ಲವೇ ಎರಡೂ ಬದಿಯ ಫೋಟೋ ನೋಡಿದ್ದೇನೆ. ಕೇಳಿದ್ದು ಅಂದರೆ ಯಾವುದೋ ಪಟ್ಟಿಯಲ್ಲಿದೆ, ಕಂಡವರಿಲ್ಲ. ಊಹೆ ಅಂದರೆ ಆ ನೀಲಿ, ಕಪ್ಪು, ಚಿನ್ನ. ಮೊದಲು ಹೀಗಿರಲಿಲ್ಲ. ಪಟ್ಟಿಯಲ್ಲಿದ್ದರೆ ಇದೆ ಅಂತಲೇ ನಂಬಿದ್ದೆ. ನನಗೆ ಬುದ್ಧಿ ಕಲಿಸಿದ್ದು ಒಂದು ಜೆರ್ಸಿ ಕಾರ್ಡು. ಆಟಗಾರ ತೊಟ್ಟ ಅಂಗಿಯ ತುಂಡನ್ನು ರಟ್ಟಿನ ನಡುವೆ ಕೂರಿಸಿ ಮಾರುತ್ತಾರೆ, ಅಂಥದ್ದು. ಪಟ್ಟಿಯಲ್ಲಿ ಇಚಿರೋ ಹೆಸರಿತ್ತು. ಆರು ವರ್ಷ ಹುಡುಕಿದೆ. ಕೊನೆಗೆ ಆ ಸೆಟ್ಟನ್ನೇ ಕೂಡಿಸುವ ಹಿರಿಯರೊಬ್ಬರು ಹೇಳಿದರು: ಆ ಪಟ್ಟಿ ಬರೆದದ್ದು ಪ್ಯಾಕೆಟ್ಟು ಮಾರುಕಟ್ಟೆಗೆ ಬರುವ ಮುಂಚೆ, ಕಂಪನಿ ಹೊರಡಿಸಿದ ಜಾಹೀರಾತು ಕಾಗದ ನೋಡಿಕೊಂಡು. ಆಮೇಲೆ ಆ ಕಾರ್ಡು ಅಚ್ಚಾದದ್ದನ್ನು ಅವರು ಕಂಡಿಲ್ಲ, ಅವರ ಪರಿಚಯದವರೂ ಕಂಡಿಲ್ಲ. ನಾನು ಆ ಸಾಲನ್ನು ಅಳಿಸಲಿಲ್ಲ. ಇಲ್ಲ ಅಂತ ಸಾಬೀತು ಮಾಡುವುದು ಹೇಗೆ? "ಕೇಳಿದ್ದು" ಅಂತ ಬರೆದು ಬಿಟ್ಟಿದ್ದೇನೆ.

ಇದರ ತಿರುವುಮುರುವೂ ಆಗಿದೆ. ಟಕೋಮಾದ ಒಂದು ಹಳೆ ಸಾಮಾನಿನ ಅಂಗಡಿ, ಶೂ ಡಬ್ಬದ ತುಂಬ ಬಿಡಿ ಕಾರ್ಡು. ಅದರಲ್ಲಿ ಒಂದು ಕೈಗೆ ಬೇರೆ ಥರ ಹತ್ತಿತು. ರಟ್ಟು ತೆಳು, ಹೊಳಪಿಲ್ಲ. ಎಡ ಮತ್ತು ಕೆಳ ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲು, ಅಂಚೆಚೀಟಿ ಹರಿದಾಗ ಉಳಿಯುತ್ತದಲ್ಲ, ಹಾಗೆ. ಬಲ ಮತ್ತು ಮೇಲಂಚು ನುಣುಪು. ಹಿಂದೆ ಸಂಖ್ಯೆ ಇಲ್ಲ, ಅಂಕಿ ಅಂಶ ಇಲ್ಲ, ಮಕ್ಕಳಿಗೆ ಸೈಕಲ್ ಓಡಿಸುವಾಗ ಹೆಲ್ಮೆಟ್ ಹಾಕಿ ಅಂತ ಎರಡು ಸಾಲು. ಕ್ರೀಡಾಂಗಣದ ಬಾಗಿಲಲ್ಲಿ ಮಕ್ಕಳಿಗೆ ಹಂಚಿದ ಹಾಳೆಯ ಒಂದು ತುಂಡು ಇರಬೇಕು. ನುಣುಪಾದ ಎರಡು ಅಂಚು ಹೇಳುತ್ತವೆ, ಇದು ಹಾಳೆಯ ಮೇಲಿನ ಬಲಮೂಲೆಯದು. ನಾನು ನೋಡಿದ ಯಾವ ಪಟ್ಟಿಯಲ್ಲೂ ಇಲ್ಲ. ಒಂದು ಡಾಲರ್ ಕೊಟ್ಟೆ. ಕಾರಿನಲ್ಲಿ ಕೂತು ಹತ್ತು ನಿಮಿಷ ಅದನ್ನೇ ತಿರುಗಿಸಿ ತಿರುಗಿಸಿ ನೋಡಿದೆ.

ಜಪಾನಿನ ಕಡೆಯದು ಇನ್ನೂ ಸೊಗಸು. ಅಲ್ಲಿ ಕ್ಯಾಲ್ಬಿ ಕಂಪನಿ 1973ರಿಂದ ಕುರುಕಲು ತಿಂಡಿಯ ಜೊತೆ ಬೇಸ್‌ಬಾಲ್ ಕಾರ್ಡು ಕೊಡುತ್ತಿದೆ. ತಿಂಡಿ ತಿಂದು ಎಣ್ಣೆಗೈಯಲ್ಲಿ ಮಕ್ಕಳು ಹಿಡಿದ ಕಾರ್ಡು ಅವು. ಬಿಬಿಎಂ ಕಂಪನಿಯ 1993ರ ಸೆಟ್ಟಿನ 239ನೇದು ಇಚಿರೋ ಎಳವೆಯ ಕಾರ್ಡು. ಜಪಾನಿ ಪಟ್ಟಿ ಓದಲು ನಾನು ಕಲಿತದ್ದು ಅವನ ಹೆಸರಿನಷ್ಟು ಅಕ್ಷರ ಮಾತ್ರ, ಅದೂ ಎರಡು ರೀತಿ. 1994ರಲ್ಲಿ ತಂಡದವರು ಅವನ ಹೆಸರನ್ನು "ಇಚಿರೋ" ಅಂತಷ್ಟೇ ನೋಂದಾಯಿಸಿದರು, ಉಚ್ಚಾರದಂತೆ ಬರೆಯುವ ಲಿಪಿಯಲ್ಲಿ: ಇ, ಚಿ, ರೊ, ಕೊನೆಗೊಂದು ಗೀಟು. ಆ ಗೀಟು ನಮ್ಮ ದೀರ್ಘದ ಕೆಲಸ ಮಾಡುತ್ತದೆ, ರೊ ರೋ ಆಗುತ್ತದೆ. ಅದಕ್ಕೂ ಮುಂಚಿನ ಪಟ್ಟಿಯಲ್ಲಾದರೆ ಚೀನೀ ಮೂಲದ ಅಕ್ಷರದಲ್ಲಿ ಪೂರ್ತಿ ಹೆಸರು ಇರುತ್ತದೆ. ಇಚಿ ಅಂದರೆ ಒಂದು, ಅದನ್ನು ಬರೆಯುವುದು ಒಂದೇ ಒಂದು ಅಡ್ಡಗೆರೆ. ನೂರು ಕಗ್ಗಂಟು ಅಕ್ಷರಗಳ ನಡುವೆ ಆ ಒಂಟಿ ಅಡ್ಡಗೆರೆ ಹುಡುಕುತ್ತಾ ಎಷ್ಟು ರಾತ್ರಿ ಕಳೆದಿದ್ದೇನೋ. ಸಿಕ್ಕ ಕೂಡಲೇ ಪರಿಚಯದವರ ಮುಖ ಸಂತೆಯಲ್ಲಿ ಕಂಡ ಹಾಗೆ.

ಪಟ್ಟಿಯೇ ಇಲ್ಲದ ಕಾಲದಲ್ಲಿ ಈ ಕೆಲಸ ಮಾಡಿದವರು ಜೆಫರ್ಸನ್ ಬರ್ಡಿಕ್. ಸಿರಾಕ್ಯೂಸ್ ಊರಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು, ಸಂಧಿವಾತದಿಂದ ಕೈಬೆರಳು ಸೊಟ್ಟಗಾಗಿದ್ದವು. ಸಿಗರೇಟು ಪೊಟ್ಟಣದಲ್ಲಿ ಬರುತ್ತಿದ್ದ ಕಾರ್ಡುಗಳನ್ನು ಒಂದೊಂದಾಗಿ ನೋಡಿ, ಗುಂಪು ಮಾಡಿ, ಗುಂಪಿಗೊಂದು ಸಂಖ್ಯೆ ಕೊಟ್ಟರು. ಹೆಸರುವಾಸಿಯಾದ ಒಂದು ಹಳೆಯ ಸಿಗರೇಟು ಕಾರ್ಡಿನ ಸೆಟ್ಟನ್ನು ಇವತ್ತಿಗೂ ಎಲ್ಲರೂ "ಟಿ206" ಅನ್ನುವುದು ಅವರಿಟ್ಟ ಹೆಸರನ್ನೇ. ಮೂರು ಲಕ್ಷಕ್ಕೂ ಹೆಚ್ಚು ಕಾರ್ಡು, ಚೀಟಿಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಕೊಟ್ಟು, ತಾವೇ ಅಲ್ಲಿ ಕೂತು ಆಲ್ಬಮ್ಮಿಗೆ ಅಂಟಿಸಿದರು. 1963ರ ಜನವರಿಯಲ್ಲಿ ಅಂಟಿಸುವ ಕೆಲಸ ಮುಗಿಯಿತು, ಮಾರ್ಚಿನಲ್ಲಿ ತೀರಿಕೊಂಡರು. ಅವರನ್ನು ನೆನೆದಾಗಲೆಲ್ಲ ನನ್ನ ಶೀಟು ನನಗೆ ಹಗುರ ಅನ್ನಿಸುತ್ತದೆ, ನನಗೆ ಒಬ್ಬನೇ ಮನುಷ್ಯ ತಾನೇ.

ಕಳೆದ ವರ್ಷ, 2025ರಲ್ಲಿ, ಇಚಿರೋ ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದ. 394 ಮತಗಳಲ್ಲಿ 393 ಅವನಿಗೆ ಬಿದ್ದವು. ಆಟ ಬಿಟ್ಟು ಆರು ವರ್ಷವಾಗಿದ್ದರೂ ಹೊಸ ಕಾರ್ಡುಗಳು ಬರುತ್ತಲೇ ಇವೆ. ಅವುಗಳಲ್ಲಿ ಒಂದೇ ಸಂಖ್ಯೆ ಇಟ್ಟುಕೊಂಡು ಫೋಟೋ ಮಾತ್ರ ಬದಲಾದವು ಇರುತ್ತವೆ. ಬೇರೆ ಅಂತ ಗುರುತಿಸಲು ಹಿಂಬದಿಯ ತಳದಲ್ಲಿ, ಇರುವೆಗಿಂತ ಸಣ್ಣ ಅಕ್ಷರದಲ್ಲಿ, ಒಂದು ಕೋಡ್ ಅಚ್ಚಾಗಿರುತ್ತದೆ. ಅದರ ಕೊನೆಯ ಅಂಕಿಗಳು ನೋಡಬೇಕು. ನನಗೀಗ ಚಾಳೀಸು, ಆದ್ದರಿಂದ ಭೂತಗನ್ನಡಿ ಹಿಡಿದು ದೀಪದ ಕೆಳಗೆ ಓದುತ್ತೇನೆ.

ಕೇಳಿದ್ದಕ್ಕೆ ನೇರವಾಗಿ ಹೇಳಬೇಕೆಂದರೆ: ಇವತ್ತಿಗೆ ಕೈಯಲ್ಲಿರುವುದು 1,918. ಕಂಡು ಕೈಗೆ ಬರದಿರುವುದು 640. ಕೇಳಿದ್ದು 203. ಊಹೆಯದನ್ನು ನಾನು ಕೂಡಿಸುವುದಿಲ್ಲ.

ನಿಮ್ಮ ಮನೆಯಲ್ಲಿ, ಪರಿಚಯದವರ ಮನೆಯಲ್ಲಿ, ಮಕ್ಕಳ ಹಳೆಯ ಡಬ್ಬದಲ್ಲಿ 51ನೇ ನಂಬರಿನ ಮ್ಯಾರಿನರ್ಸ್ ಅಂಗಿ ತೊಟ್ಟವನ ಕಾರ್ಡು ಇದ್ದರೆ ಫೋಟೋ ತೆಗೆದು ಕಳಿಸಿ. ನನಗೆ ಕೊಡಬೇಡಿ, ಮಾರಲೂ ಬೇಡಿ. ಅಂಚಿನಲ್ಲಿ ಹಲ್ಲಿದ್ದರೆ ಯಾವ ಯಾವ ಬದಿಗೆ ಅಂತ ಬರೆಯಿರಿ. ಮುಂಭಾಗ ಎಲ್ಲರೂ ಕಳಿಸುತ್ತಾರೆ. ದಯವಿಟ್ಟು ಹಿಂಭಾಗದ್ದೂ ತೆಗೆಯಿರಿ, ತಳದ ಆ ಸಣ್ಣ ಅಕ್ಷರ ಕಾಣುವ ಹಾಗೆ.