ಅಮ್ಮ ಕಂಡಿಕೆ ಸುತ್ತುತ್ತಿತ್ತು

ಚಿತ್ರದುರ್ಗದ ಒಂದು ಡಿಗ್ರಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಕ್ಲಾಸಿನಲ್ಲಿ ಎಪ್ಪತ್ತು ಚಿಲ್ಲರೆ ಮಕ್ಕಳು. ಮೊದಲ ವರ್ಷ ಪ್ರಬಂಧ ತಿದ್ದುವುದು ಅಂದರೆ ನನಗೆ ಕೆಂಪು ಪೆನ್ನಿನ ಕೆಲಸ. ತಪ್ಪಿಗೆ ಸುತ್ತು ಹಾಕೋದು, ಕೆಳಗೆ ಅಂಕ ಬರೆಯೋದು. ಅಷ್ಟೇ.

ಒಂದು ಸಲ ‘ನಮ್ಮ ಮನೆಯ ಬೆಳಗು’ ಅಂತ ಬರೆಯಲು ಕೊಟ್ಟಿದ್ದೆ. ಮೊಳಕಾಲ್ಮೂರು ಕಡೆಯ ನೇಕಾರರ ಮನೆ ಹುಡುಗನೊಬ್ಬ ಬರೆದಿದ್ದ: ‘ಅಪ್ಪ ಮಗ್ಗದ ಗುಣಿಗೆ ಇಳಿದ. ಅಮ್ಮ ಬಾಗಿಲ ಹತ್ತಿರ ಕಂಡಿಕೆ ಸುತ್ತುತ್ತಿತ್ತು. ಅಕ್ಕ ನೀರು ತಂದಿತು.’ (ಗುಣಿ ಅಂದರೆ ನೇಯುವವರು ಕಾಲಿಳಿಸಿ ಕೂರುವ ಕುಳಿ; ಕಂಡಿಕೆ ಅಂದರೆ ನೇಯಲು ನೂಲು ಸುತ್ತಿಡುವ ಸಣ್ಣ ಕೊಳವೆ.) ನಾನು ಅದನ್ನು ಕ್ಲಾಸಿನಲ್ಲಿ ಜೋರಾಗಿ ಓದಿ, “ಸುತ್ತುತ್ತಿತ್ತು ಅನ್ನೋಕೆ ಅಮ್ಮ ಏನಪ್ಪಾ, ಎಮ್ಮೆನಾ?” ಅಂದೆ. ಇಡೀ ಕ್ಲಾಸ್ ನಕ್ಕಿತು. ನಾನೂ ನಕ್ಕೆ.

ಅವನ ಮುಂದಿನ ಪ್ರಬಂಧದಲ್ಲಿ ಒಂದೇ ಒಂದು ತಪ್ಪಿರಲಿಲ್ಲ. ‘ಪರಿಸರವು ಮಾನವನ ಅವಿಭಾಜ್ಯ ಅಂಗವಾಗಿದೆ’ ಅಂತ ಶುರು. ಗೈಡಿನಿಂದ ಇಳಿಸಿದ್ದ. ಗೊತ್ತಿದ್ದೂ ಹತ್ತಕ್ಕೆ ಏಳು ಕೊಟ್ಟೆ. ಕಂಡಿಕೆ ಸುತ್ತುವ ಅಮ್ಮನಿಗೆ ಕೊಟ್ಟಿದ್ದು ನಾಲ್ಕು.

ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ಚಳ್ಳಕೆರೆಯಿಂದ ಬರುವ ಸಹೋದ್ಯೋಗಿಯೊಬ್ಬರು, “ಅವನ ಮನೆಮಾತು ತೆಲುಗಲ್ವಾ?” ಅಂದರು. ತೆಲುಗಿನಲ್ಲಿ ‘ಅಮ್ಮ ವಚ್ಚಿಂದಿ’, ‘ಬಸ್ಸು ವಚ್ಚಿಂದಿ’, ಎರಡೂ ಒಂದೇ. ಗಂಡಸಿಗೆ ಮಾತ್ರ ‘ವಚ್ಚಾಡು’. ನಮ್ಮ ಹಾಗೆ ‘ಬಂದಳು’ ಬೇರೆ, ‘ಬಂತು’ ಬೇರೆ ಇಲ್ಲ. ಹಳೆಯ ಹಾಳೆ ತೆಗೆದು ನೋಡಿದೆ. ಅಪ್ಪ ಬಂದ ಕಡೆಯೆಲ್ಲ ‘ಇಳಿದ’, ‘ನೇಯ್ದ’ ಸರಿಯಾಗಿದೆ. ಎಡವಿದ್ದು ಅಮ್ಮ, ಅಕ್ಕ ಬಂದಲ್ಲಿ ಮಾತ್ರ. ನಾನು ಹನ್ನೊಂದು ಸುತ್ತು ಹಾಕಿದ್ದೆ. ಇದ್ದದ್ದು ಒಂದೇ ತಪ್ಪು.

ಆಮೇಲೆ ಉಳಿದವರ ಹಾಳೆಗಳನ್ನೂ ಹಾಗೇ ನೋಡತೊಡಗಿದೆ. ಮಾತಿನಲ್ಲಿ ‘ಹ’ ಬಿಡುವ ಮಕ್ಕಳು ‘ಅಳ್ಳಿ’, ‘ಆಲು’ ಬರೆಯುತ್ತಾರೆ. ಬೈಸಿಕೊಂಡ ಮೇಲೆ ಹೆದರಿ ‘ಆಸೆ’ಯನ್ನೂ ‘ಹಾಸೆ’ ಮಾಡುತ್ತಾರೆ! ಆ ‘ಹಾಸೆ’ ನಮ್ಮದೇ ಕೊಡುಗೆ. ತಾಂಡಾದ ಮಕ್ಕಳ ಮನೆಯಲ್ಲಿ ಲಂಬಾಣಿ. ಅದಕ್ಕೆ ಸ್ವಂತ ಲಿಪಿಯೇ ಇಲ್ಲ. ಅಮೆರಿಕದಲ್ಲಿ ಕಾಲೇಜು ಬರವಣಿಗೆ ಕಲಿಸುವವರ ಸಂಘ 1974ರಲ್ಲೇ ಒಂದು ನಿರ್ಣಯ ಮಾಡಿತ್ತು: ವಿದ್ಯಾರ್ಥಿಗೆ ತನ್ನ ಮನೆಯ, ತನ್ನ ಜನರ ನುಡಿಯ ಮೇಲೆ ಹಕ್ಕಿದೆ ಅಂತ. ನನಗೆ ಅದು ಗೊತ್ತಾಗಿದ್ದು ಈ ಎಮ್ಮೆ ಮಾತಾದ ಎಷ್ಟೋ ದಿನಕ್ಕೆ.

ಈಗ ಮೊದಲ ಸಲ ಪೆನ್ನು ಹಿಡಿಯದೆ ಓದುತ್ತೇನೆ. ಎರಡನೇ ಸಲ ಒಬ್ಬರಿಗೆ ಒಂದೇ ಬಗೆಯ ತಪ್ಪಿಗೆ, ಅಂಚಿನಲ್ಲಿ ಪೆನ್ಸಿಲ್ ಗೀಟು. ಆ ಸಾಲಿನಲ್ಲಿ ತಪ್ಪೇನು ಅಂತ ಅವರೇ ಹುಡುಕಬೇಕು. ಅವರು ತಿದ್ದಿ ಬರೆದು ತಂದ ಮೇಲೆಯೇ ಅಂಕ. ಕೆಲಸ ಜಾಸ್ತಿ, ಸುಳ್ಳು ಯಾಕೆ ಹೇಳಲಿ. ಅದಕ್ಕೇ ಸೆಮಿಸ್ಟರಿಗೆ ಐದು ಪ್ರಬಂಧ ಇದ್ದದ್ದನ್ನು ಮೂರು ಮಾಡಿದೆ. ಕೆಲವರು ಈಗಲೂ ಗೈಡ್ ನೋಡಿಯೇ ಬರೆಯುತ್ತಾರೆ, ಬೇರೆ ಮಾತು.

ಆ ಹುಡುಗನನ್ನು ಕರೆದು, “ಅವತ್ತು ನಾನು ನಗಬಾರದಿತ್ತು ಕಣಪ್ಪಾ” ಅಂದೆ. “ಪರ್ವಾಗಿಲ್ಲ ಮೇಡಂ” ಅಂದ, ನೆಲ ನೋಡಿಕೊಂಡು. ‘ಬೆಳಗು’ ಪ್ರಬಂಧವನ್ನೇ ಇನ್ನೊಮ್ಮೆ ಬರೆಯಲು ಹೇಳಿದೆ. ಎರಡು ವಾರ ಸತಾಯಿಸಿ ತಂದುಕೊಟ್ಟ. ಅಮ್ಮ ‘ಸುತ್ತುತ್ತಿದ್ದಳು’, ಅಕ್ಕ ‘ತಂದಳು’. ಗುಣಿಯೊಳಗೆ ಅಪ್ಪನ ಕಾಲಿಗೆ ಚಳಿಯಾಗುವುದು ಹೊಸದಾಗಿ ಸೇರಿತ್ತು. ಕೊನೆಯಲ್ಲಿ ಮಾತ್ರ ಅಜ್ಜಿ ಕೇಳುತ್ತಾಳೆ: ‘ನಿಮ್ಮಕ್ಕ ಬಂತೇನೋ?’

ಪೆನ್ಸಿಲ್ ಅಲ್ಲಿಗೆ ಒಯ್ಯುವಷ್ಟರಲ್ಲಿ ಅವನೇ ಹೇಳಿದ: “ಅದು ತಪ್ಪಲ್ಲ ಮೇಡಂ. ಅಜ್ಜಿ ಕನ್ನಡ ಮಾತಾಡಿದರೆ ಹಂಗೇ.”

“ಪರೀಕ್ಷೆಯಲ್ಲಿ ‘ಬಂದಳು’ ಅಂತಲೇ ಬರಿ, ಪೇಪರ್ ತಿದ್ದೋರಿಗೆ ನಿಮ್ಮಜ್ಜಿ ಗೊತ್ತಿಲ್ಲ” ಅಂದೆ. ಇಲ್ಲಿ ಗೀಟು ಹಾಕಲಿಲ್ಲ.