ಎರಡೇ ತಿಂಗಳ ಪ್ರೀತಿಗೆ ಇಷ್ಟೊಂದು ನೋವಾ?

ದಾವಣಗೆರೆಯಲ್ಲಿ ಕಾಲೇಜು ಮಕ್ಕಳಿಗೆ ಆಪ್ತ ಸಮಾಲೋಚಕಿಯಾಗಿ ಕೆಲಸ ಮಾಡುತ್ತೇನೆ. ನನ್ನೆದುರು ಕೂತು ಅತ್ತವರು ಕಣ್ಣೊರೆಸಿಕೊಂಡ ಮೇಲೆ ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ: "ಮೇಡಂ, ಜೊತೆಗಿದ್ದಿದ್ದೇ ಎರಡು ತಿಂಗಳು. ಮರೆಯೋಕೆ ಯಾಕೆ ಆಗ್ತಿಲ್ಲ?" ಹಾಗೆ ಕೇಳುವಾಗ ಅವರಿಗೆ ನಾಚಿಕೆ. ಗೆಳೆಯರು ಆಗಲೇ "ಅಷ್ಟಕ್ಕೆಲ್ಲಾ ಇಷ್ಟಾ?" ಅಂದುಬಿಟ್ಟಿರುತ್ತಾರೆ.

ಆ ಮಾತು ನನಗೆ ಒಪ್ಪಿಗೆಯಿಲ್ಲ. ಆ ಎರಡು ತಿಂಗಳಲ್ಲಿ ಏನೇನು ತುಂಬಿತ್ತು ನೋಡಿ. ಕಣ್ಣು ಬಿಟ್ಟ ಕೂಡಲೇ ಮೆಸೇಜ್, ನಡುರಾತ್ರಿ ದಾಟಿದರೂ ಮುಗಿಯದ ಮಾತು. ಮೂರನೇ ವಾರಕ್ಕೇ ಮದುವೆ ಎಲ್ಲಿ, ಮಗುವಿಗೆ ಯಾವ ಹೆಸರು ಎಂಬಲ್ಲಿಗೆ ಬಂದಿರುತ್ತಾರೆ. ಬಿಟ್ಟುಹೋದಾಗ ದಿನದ ರೂಢಿಯೂ ಹೋಯ್ತು, ಮುಂದಿನ ಹತ್ತು ವರ್ಷದ ಕನಸೂ ಹೋಯ್ತು. ಅಮೆರಿಕದ ಮಾನವಶಾಸ್ತ್ರಜ್ಞೆ ಹೆಲೆನ್ ಫಿಶರ್ ಮತ್ತು ತಂಡ ಪ್ರೀತಿಯಲ್ಲಿ ತಿರಸ್ಕಾರ ಕಂಡ 15 ಜನರಿಗೆ ಆ ವ್ಯಕ್ತಿಯ ಫೋಟೋ ತೋರಿಸಿ ಮೆದುಳು ಸ್ಕ್ಯಾನ್ ಮಾಡಿತ್ತು. 2010ರಲ್ಲಿ ಬಂದ ಆ ವರದಿಯ ಪ್ರಕಾರ, ಕೊಕೇನ್ ಹಂಬಲದಲ್ಲಿ ಚುರುಕಾಗುವ ಕೆಲವು ಭಾಗಗಳೇ ಇಲ್ಲೂ ಚುರುಕಾಗಿದ್ದವು. ದಿನ ಕಳೆದಷ್ಟೂ ಒಬ್ಬರನ್ನು ಹಚ್ಚಿಕೊಳ್ಳುವುದಕ್ಕೆ ಸಂಬಂಧಿಸಿದ ಮೆದುಳಿನ ಒಂದು ಭಾಗದ ಚಟುವಟಿಕೆ ಕಡಿಮೆಯಿತ್ತು ಅನ್ನುವುದೂ ಅದರಲ್ಲಿದೆ. ಎರಡನೆಯದನ್ನು ನಾನು ಒತ್ತಿ ಹೇಳುತ್ತೇನೆ.

ಅದಕ್ಕೇ ಮೊದಲು ಫೋನಿನ ಸಹವಾಸ ಕಡಿಮೆ ಮಾಡಿ. ಒಬ್ಬ ಹುಡುಗಿ ಅವನ 'ಲಾಸ್ಟ್ ಸೀನ್' ಸಮಯವನ್ನು ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೆದಿಡುತ್ತಿದ್ದಳು. 12.40, 1.15, ಕೆಳಗೆ ಮತ್ತೆ 1.50. ಅವಳ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಆ ಪುಟ ನೋಡಿ ನನ್ನ ಕರುಳು ಚುರುಕ್ ಅಂದಿತು. ನಂಬರ್ ಮ್ಯೂಟ್ ಮಾಡಿಸಿ, ಅದೇ ನೋಟ್‌ಬುಕ್ಕಿನಲ್ಲಿ ಅವನಿಗೆ ಹೇಳಲಾಗದೇ ಉಳಿದದ್ದನ್ನು ದಿನಕ್ಕೆ ಕಾಲು ಗಂಟೆ ಬರಿ ಅಂದೆ.

ನಮ್ಮೂರಲ್ಲಿ ಇನ್ನೊಂದು ಕಷ್ಟವಿದೆ. ಊರು ಚಿಕ್ಕದು. ರಾಮ್ ಅಂಡ್ ಕೋ ಸರ್ಕಲ್, ಗಾಜಿನ ಮನೆ, ಕುಂದುವಾಡ ಕೆರೆ ಏರಿ, ಎಲ್ಲಿ ಹೋದರೂ ಅವರೇ ನೆನಪಾಗುತ್ತಾರೆ. ತಪ್ಪಿಸಿಕೊಂಡು ಎಷ್ಟು ದಿನ ಓಡಾಡೋದು? ಸ್ವಲ್ಪ ದಿನ ಬಿಟ್ಟು, ಗೆಳತಿಯನ್ನೋ ತಮ್ಮನನ್ನೋ ಕರೆದುಕೊಂಡು ಅಲ್ಲಿಗೇ ಹೋಗಿ. ಮಂಡಕ್ಕಿ ಮಿರ್ಚಿ ತಿನ್ನಿ, ಜೋರಾಗಿ ಹರಟಿ. ಆ ಜಾಗಕ್ಕೆ ಬೇರೆ ನೆನಪೂ ಸೇರಿಕೊಳ್ಳಲಿ.

ಊಟ ಸೇರದೆ, ನಿದ್ದೆ ಬಾರದೆ ವಾರಗಳಾದರೆ, ಬದುಕೇ ಬೇಡ ಅನಿಸಿದರೆ ಒಬ್ಬರೇ ಇರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಲ್ಲಾದರೂ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮತ್ತೆ ಯಾರಾದರೂ ಇಷ್ಟವಾದಾಗ ಏನು ಮಾಡಲಿ ಅಂತಲೂ ಕೇಳುತ್ತಾರೆ. ಇಷ್ಟಪಡಿ, ಖಂಡಿತ. ಆದರೆ ಅವರ ಮಾಮೂಲಿ ದಿನಗಳನ್ನೂ ನೋಡಿ. ಇಂಟರ್ನಲ್ಸ್‌ನಲ್ಲಿ ಅಂಕ ಕಮ್ಮಿ ಬಂದಾಗ, ಹರಿಹರದ ಬಸ್ ತಪ್ಪಿದಾಗ, ಹೋಟೆಲ್ ಹುಡುಗ ದೋಸೆ ತರೋದು ತಡಮಾಡಿದಾಗ ಹೇಗಿರುತ್ತಾರೆ? ರಾತ್ರಿ ಚಾಟ್‌ನಲ್ಲಿ ಇದು ಕಾಣಲ್ಲ. ಮದುವೆ ಮಾತು ಬೇಗ ಬಂದರೆ, "ಇದನ್ನ ಪರೀಕ್ಷೆ ಮುಗಿದ ಮೇಲೆ ಮಾತಾಡೋಣ" ಅಂತ ನಗುತ್ತಲೇ ಹೇಳಬಹುದು. ಅಷ್ಟರಿಂದ ಪ್ರೀತಿ ಕಮ್ಮಿ ಆಗಲ್ಲ.

ಒಂದು ಸಂಜೆ "ಇವತ್ತು ಬೇಡ, ಓದೋದಿದೆ" ಅಂದು ನೋಡಿ. "ಸರಿ, ಓದು" ಅಂದರೆ ಒಳ್ಳೆಯದು, ನಿಧಾನವಾಗಿ ಮುಂದುವರಿಯಿರಿ. "ನಿನಗೆ ನಾನು ಮುಖ್ಯ ಅಲ್ವಾ?" ಅಂತ ರಾತ್ರಿಯಿಡೀ ಜಗಳವಾದರೆ, ಮದುವೆ ಹಾಗಿರಲಿ, ಮನೆಯವರಿಗೆ ಪರಿಚಯ ಮಾಡಿಸೋಕೂ ಆತುರಪಡಬೇಡಿ.